ಮರಿಗಳ ಮೂಗುದಾರ ಯಾರ ಕೈಲಿರಬೇಕು?

ಲಿನಕ್ಸ್ ಸರ್ವರ್ ಇಟ್ಟುಕೊಂಡಿರುವ ಗೆಳೆಯರಿಗೆ ಇವತ್ತಿನ ನನ್ನ ಕೊರೆತ. ಉಳಿದವರೂ ಸ್ವಲ್ಪ ಸಹಿಸಿಕೊಳ್ಳಿ :)

ಹಿನ್ನೆಲೆಯಲ್ಲಿ ಓಡುವ ಒಂದು ಸರ್ವೀಸ್ ಇದೆ ಅಂದುಕೊಳ್ಳಿ. ಜನ ಕಳಿಸಿದ ಫೋಟೋಗಳನ್ನು ಚಿಕ್ಕದು ಮಾಡುವುದು ಅದರ ಕೆಲಸ. ಪ್ರತಿ ಫೋಟೋಗೂ ಒಂದು ಮರಿ ಪ್ರೋಸೆಸ್ ಹುಟ್ಟಿಸುತ್ತದೆ. ಯಾರೋ ಪುಣ್ಯಾತ್ಮ ಬೇಕಂತಲೇ ಕೆಡಿಸಿದ ಫೈಲ್ ಕಳಿಸಿದರೆ ಒಂದೇ ಮರಿ ಇಡೀ ಮೆಮೊರಿ ನುಂಗಿ ನೀರು ಕುಡಿಯಬಹುದು. ಅದಕ್ಕೆ ಮೂಗುದಾರ ಹಾಕುವವರು ಯಾರು?

ಹಳೇ ಉಪಾಯ ಯುಲಿಮಿಟ್. ಅದಕ್ಕೆ ರೂಟ್ ಬೇಕಿಲ್ಲ, ತನ್ನ ಮಿತಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆದರೆ ಮೆಮೊರಿ ಲೆಕ್ಕ ಒಂದೊಂದು ಪ್ರೋಸೆಸ್‌ಗೂ ಬೇರೆ ಬೇರೆ. ಮರಿ ಮತ್ತೆ ಹತ್ತು ಮರಿ ಹಾಕಿದರೆ ಹತ್ತಕ್ಕೂ ಪೂರ್ತಿ ಪಾಲು!

ಇಡೀ ಸಂಸಾರಕ್ಕೆ ಒಂದೇ ಲೆಕ್ಕ ಇಡುವುದು ಸಿಗ್ರೂಪ್. ಗೂಗಲ್‌ನ ಪಾಲ್ ಮೆನೇಜ್, ರೋಹಿತ್ ಸೇಠ್ 2006ರಲ್ಲಿ ಶುರುಮಾಡಿದ್ದು, 2008ರ ಜನವರಿಯಲ್ಲಿ 2.6.24 ಕರ್ನೆಲ್ ಜೊತೆ ಬಂತು. ಆದರೆ ಅದನ್ನು ಮುಟ್ಟಲು ರೂಟ್ ಬೇಕೆಂದು ಸರ್ವೀಸನ್ನೇ ರೂಟ್ ಆಗಿ ಓಡಿಸುವವರಿದ್ದಾರೆ. ಇಲಿ ಕಾಟಕ್ಕೆ ಮನೆಗೇ ಬೆಂಕಿ ಇಟ್ಟ ಹಾಗಲ್ಲವೇ ಇದು? ಅಪರಿಚಿತರ ಫೈಲ್ ತೆರೆಯುವ ಕೆಲಸಕ್ಕೆ ರೂಟ್ ಅಧಿಕಾರವೇ?

2016ರಲ್ಲಿ 4.5 ಕರ್ನೆಲ್ ಜೊತೆ ಬಂದ ಸಿಗ್ರೂಪ್ ಎರಡನೇ ಆವೃತ್ತಿಯಲ್ಲಿ ಇದಕ್ಕೆ ಸರಿಯಾದ ದಾರಿ ಇದೆ. ಮರದ ಒಂದು ಕೊಂಬೆಯನ್ನು ಸಾಮಾನ್ಯ ಬಳಕೆದಾರನ ಸರ್ವೀಸ್‌ಗೆ ಒಪ್ಪಿಸಿಬಿಡುವುದು. ಸಿಸ್ಟಮ್‌ಡಿಯಲ್ಲಾದರೆ 'ಡೆಲಿಗೇಟ್=ಯೆಸ್' ಎಂಬ ಒಂದು ಸಾಲು. ಸರ್ವೀಸ್ ಮೊದಲು ತಾನೊಂದು ಚಿಕ್ಕ ಕೊಂಬೆಗೆ ಸರಿದು ಕೂತು, ಮರಿಗಳಿಗೆ ಬೇರೆ ಕೊಂಬೆ ಮಾಡಿ, ಮಿತಿ ಹಾಕಬಹುದು. ಕೊಂಬೆಯ ಬುಡದ ಮಿತಿ ಮಾತ್ರ ಅದರ ಕೈಗೆ ಸಿಗದು. ಬುಡದಲ್ಲಿ 512 ಎಂಬಿ ಇದ್ದರೆ ಒಳಗೆ ಎಷ್ಟೇ ಬರೆದುಕೊಂಡರೂ ಅಷ್ಟೇ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು!

"ಮರಿಯೇ ತನ್ನ ಮಿತಿ ತಿದ್ದಿಕೊಂಡರೆ?" ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಅದೇ ಬಳಕೆದಾರನ ಹೆಸರಲ್ಲಿ ಓಡುವ ಮರಿ ಹಾಗೆ ಮಾಡಬಲ್ಲದು. ಆದ್ದರಿಂದ ಸಿಗ್ರೂಪ್ ಫೈಲುಗಳು ಅದರ ಕಣ್ಣಿಗೆ ಬೀಳದಂತೆ ಮುಚ್ಚಿಡಿ. ಮುಚ್ಚದಿದ್ದರೂ ನಷ್ಟ ಆ ಕೊಂಬೆಗಷ್ಟೇ, ಮರ ಉಳಿಯುತ್ತದೆ. ರೂಟ್ ಕೊಟ್ಟರೆ ಮರವೇ ಹೋಗುತ್ತದೆ.

ತನ್ನ ಮರಿಯ ಹೊಟ್ಟೆ ಎಷ್ಟೆಂದು ಸರ್ವೀಸ್‌ಗೆ ಗೊತ್ತಿರುವಷ್ಟು ಅಡ್ಮಿನ್‌ಗೆ ಗೊತ್ತಿರುವುದಿಲ್ಲ. ಕರ್ನೆಲ್ ದೇವರು ವರ ಕೊಟ್ಟು ಎಷ್ಟೋ ವರ್ಷವಾಯ್ತು, ಪೂಜಾರಿಗಳೇ, ನೀವೂ ಕೊಡಿ!

ಏನಂತೀರಿ?