ರೇಡಿಯೊ ಇತ್ತು, ಆದರೂ ಡಿಕ್ಕಿ: ಸಣ್ಣ ವಿಮಾನಗಳಿಗೆ ಪೈಲಟ್ ಕಣ್ಣೊಂದೇ ಸಾಕೇ?

2025ರ ಜುಲೈ 8ರಂದು ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಸ್ಟೈನ್‌ಬಾಕ್ ಬಳಿ ಎರಡು ತರಬೇತಿ ವಿಮಾನಗಳು ಆಕಾಶದಲ್ಲೇ ಡಿಕ್ಕಿಯಾಗಿ ಇಬ್ಬರು ವಿದ್ಯಾರ್ಥಿ ಪೈಲಟ್‌ಗಳು ಮೃತಪಟ್ಟರು. ಅವರಲ್ಲಿ ಒಬ್ಬರು ಕೇರಳದ ಯುವಕ. ಇಬ್ಬರೂ ಒಂದೇ ಶಾಲೆಯವರು, ಟೇಕಾಫ್ ಮತ್ತು ಲ್ಯಾಂಡಿಂಗ್ ಅಭ್ಯಾಸದಲ್ಲಿದ್ದವರು. ಎರಡೂ ವಿಮಾನಗಳಲ್ಲಿ ರೇಡಿಯೊ ಇತ್ತು, ಆದರೆ ಅವರು ಒಬ್ಬರನ್ನೊಬ್ಬರು ನೋಡಿದಂತಿಲ್ಲ ಎಂದು ಶಾಲೆಯ ಮುಖ್ಯಸ್ಥರು ಆಗ ಮಾಧ್ಯಮಗಳಿಗೆ ಹೇಳಿದ್ದರು.

ಅಷ್ಟು ದೊಡ್ಡ ಆಕಾಶದಲ್ಲಿ ಎರಡು ಪುಟ್ಟ ವಿಮಾನಗಳು ಡಿಕ್ಕಿಯಾಗುವುದು ಹೇಗೆ? ರನ್‌ವೇ ಹತ್ತಿರ ಬಂದಾಗ ಆಕಾಶ ದೊಡ್ಡದಾಗಿ ಉಳಿಯುವುದಿಲ್ಲ. ಇಳಿಯಬೇಕಾದ ಎಲ್ಲರೂ ಆಯತಾಕಾರದ ಒಂದೇ ಸುತ್ತಿನಲ್ಲಿ ಬಂದು, ಕೊನೆಗೆ ಒಂದೇ ಗೆರೆಗೆ ಸೇರಬೇಕು. ಎಟಿಸಿ ಗೋಪುರವಿಲ್ಲದ ಕಡೆ ಪೈಲಟ್‌ಗಳೇ ರೇಡಿಯೊದಲ್ಲಿ ತಾವೆಲ್ಲಿದ್ದೇವೆಂದು ಹೇಳಿಕೊಳ್ಳುತ್ತಾರೆ. ಉಳಿದದ್ದೆಲ್ಲ ಕಣ್ಣಿನ ಮೇಲೆ.

ಈ ವ್ಯವಸ್ಥೆ ಎಲ್ಲಿ ಸೋಲುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ 2022ರ ಆಗಸ್ಟ್ 18ರಂದು ನಡೆದ ದುರಂತಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ. ಅಲ್ಲಿ ಗೋಪುರವಿಲ್ಲ. ಎರಡು ಸೀಟಿನ ಸೆಸ್ನಾ 152 ಸುತ್ತು ಹಾಕುತ್ತಾ ಇಳಿಯಲು ಬರುತ್ತಿತ್ತು. ಅವಳಿ ಎಂಜಿನ್‌ನ ಸೆಸ್ನಾ 340 ಸುತ್ತಿಗೆ ಸೇರದೆ ದೂರದಿಂದ ನೇರವಾಗಿ ರನ್‌ವೇಗೆ ಬಂತು, ಅದೂ ಸುಮಾರು 180 ನಾಟ್ ವೇಗದಲ್ಲಿ. ಆ ವಿಮಾನ ಇಳಿಯುವಾಗ ಇರಬೇಕಾದ ವೇಗಕ್ಕಿಂತ ಇದು ಬಹಳ ಹೆಚ್ಚು. ಇಬ್ಬರೂ ರೇಡಿಯೊದಲ್ಲಿ ಮಾತಾಡಿದ್ದರು. ಹಿಂದಿನ ವಿಮಾನ ವೇಗವಾಗಿ ಬರುತ್ತಿದೆ, ತಾನು ಇಳಿಯದೆ ಮತ್ತೊಂದು ಸುತ್ತು ಹೋಗುತ್ತೇನೆ ಎಂದು ಸಣ್ಣ ವಿಮಾನದ ಪೈಲಟ್ ಹೇಳಿಯೂ ಇದ್ದರು. ಕೆಲವೇ ಕ್ಷಣಗಳಲ್ಲಿ ಡಿಕ್ಕಿಯಾಗಿ ಮೂವರು ಸತ್ತರು. ದೊಡ್ಡ ವಿಮಾನದ ಪೈಲಟ್ ಮುಂದಿದ್ದುದನ್ನು ನೋಡಿ ತಪ್ಪಿಸಿಕೊಳ್ಳಲಿಲ್ಲ ಎಂಬುದು ಅಮೆರಿಕದ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿಯ ತೀರ್ಮಾನ.

ತೀರ್ಮಾನ ಸರಿ. ಆದರೆ ಕಣ್ಣಿನಿಂದ ಎಷ್ಟು ಸಾಧ್ಯ ಎಂದೂ ಕೇಳಬೇಕು. ಇನ್ನೊಂದು ವಿಮಾನ ಕಣ್ಣಿಗೆ ಬಿದ್ದು, ಅಪಾಯವೆಂದು ಅರಿವಾಗಿ, ಕೈ ಆಡಿಸಿ, ವಿಮಾನ ತಿರುಗುವ ಹೊತ್ತಿಗೆ 12.5 ಸೆಕೆಂಡ್ ಬೇಕು ಎಂದು ಅಮೆರಿಕದ ವಿಮಾನಯಾನ ಆಡಳಿತದ ಮಾರ್ಗಸೂಚಿಯೇ ಹೇಳುತ್ತದೆ. ಸೆಸ್ನಾ 152 ಇಳಿಯುವಾಗ ಸುಮಾರು 60 ನಾಟ್ ವೇಗದಲ್ಲಿರುತ್ತದೆ. ಹಿಂದಿನದು 180 ನಾಟ್ ಇದ್ದರೆ ಅಷ್ಟು ಸೆಕೆಂಡಿನಲ್ಲಿ ನಡುವಿನ ಮುಕ್ಕಾಲು ಕಿಲೋಮೀಟರ್ ಮುಗಿದುಹೋಗುತ್ತದೆ.

ಇನ್ನೂ ಒಂದು ವಿಚಿತ್ರವಿದೆ. ಪಕ್ಕದಲ್ಲಿ ಹಾದುಹೋಗುವ ವಿಮಾನ ಗಾಜಿನಲ್ಲಿ ಚಲಿಸುವುದರಿಂದ ಬೇಗ ಕಾಣುತ್ತದೆ. ನೇರವಾಗಿ ನಮ್ಮ ಮೇಲೇ ಬರುವುದು ಒಂದೇ ಜಾಗದಲ್ಲಿ ಚುಕ್ಕೆಯಂತೆ ನಿಂತಿದ್ದು, ಕೊನೆಗೆ ಒಮ್ಮೆಲೇ ದೊಡ್ಡದಾಗುತ್ತದೆ. ಜೊತೆಗೆ ರೆಕ್ಕೆ ಮೇಲಿರುವ ವಿಮಾನದವರಿಗೆ ಮೇಲಿನದು, ಕೆಳಗಿರುವ ವಿಮಾನದವರಿಗೆ ಕೆಳಗಿನದು ಮರೆ.

ಗೋಪುರ ಕಟ್ಟಿದರೆ ಸಾಕು ಎನ್ನುವಂತೆಯೂ ಇಲ್ಲ. ವಾಟ್ಸನ್‌ವಿಲ್‌ಗೆ ಒಂದು ತಿಂಗಳ ಹಿಂದೆ, ಎಟಿಸಿ ಇರುವ ನಾರ್ತ್ ಲಾಸ್ ವೇಗಸ್‌ನಲ್ಲಿ ಎಡಗಡೆ ರನ್‌ವೇಗೆ ಅನುಮತಿ ಪಡೆದ ಪೈಪರ್ ವಿಮಾನ ಪಕ್ಕದ ಬಲಗಡೆ ರನ್‌ವೇಯತ್ತ ಸರಿದು ಸೆಸ್ನಾಗೆ ಬಡಿದು ನಾಲ್ವರು ಮೃತಪಟ್ಟರು.

ಹಾಗಾಗಿ ಕಣ್ಣಿಗೆ ಆಸರೆ ಬೇಕು. ಎಡಿಎಸ್-ಬಿ ಎಂಬ ವ್ಯವಸ್ಥೆಯಲ್ಲಿ ವಿಮಾನ ತಾನಿರುವ ಜಾಗವನ್ನು ತಾನೇ ಪ್ರಸಾರ ಮಾಡುತ್ತದೆ. ಅದನ್ನು ಹಿಡಿದು ಟ್ಯಾಬ್ಲೆಟ್ ಪರದೆಯಲ್ಲಿ ತೋರಿಸುವ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ರಿಸೀವರ್ ಕೆಲವು ನೂರು ಡಾಲರ್‌ಗೆ ಸಿಗುತ್ತದೆ. 2020ರ ಜನವರಿಯಿಂದ ಅಮೆರಿಕದ ದಟ್ಟಣೆಯ ವಾಯುಪ್ರದೇಶಗಳಲ್ಲಿ ಪ್ರಸಾರ ಕಡ್ಡಾಯ, ಸ್ವೀಕರಿಸುವ ಸಾಧನ ಮಾತ್ರ ಐಚ್ಛಿಕ. ಅರ್ಧ ಕೆಲಸ ಮಾಡಿ ಕೈಬಿಟ್ಟಂತೆ. ಪ್ರಸಾರ ಮಾಡದ ವಿಮಾನ ಪರದೆಯಲ್ಲಿ ಕಾಣದು ಎಂಬ ಆಕ್ಷೇಪ ನಿಜ, ಹಾಗೆಂದು ಕಾಣುವುದನ್ನೂ ಬಿಡಬೇಕೇ?

ಭಾರತಕ್ಕೂ ಇದು ದೂರದ ಮಾತಲ್ಲ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯಲ್ಲಿ ಸೌದಿ ಮತ್ತು ಕಜಕಿಸ್ತಾನದ ವಿಮಾನಗಳು ಡಿಕ್ಕಿಯಾಗಿ 349 ಮಂದಿ ಸತ್ತ ಬಳಿಕ ಇಲ್ಲಿ ದೊಡ್ಡ ವಿಮಾನಗಳಿಗೆ ಡಿಕ್ಕಿ ತಡೆ ಸಾಧನ ಕಡ್ಡಾಯವಾಯಿತು. ಎರಡು ಸೀಟಿನ ತರಬೇತಿ ವಿಮಾನಗಳು ಆ ನಿಯಮದ ಹೊರಗಿವೆ. ಆದರೆ ತರಬೇತಿಯೇ ಈಗ ಹೆಚ್ಚುತ್ತಿದೆ: 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಹೊಸ ಶಾಲೆಗಳಿಗೆ ಜಾಗ ಕೊಟ್ಟ ಐದು ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿ ಎರಡೂ ಇವೆ. ಪುಣೆ ಕಡೆಯವರಿಗೆ ಬಾರಾಮತಿ, ಬೆಂಗಳೂರಿನವರಿಗೆ ಜಕ್ಕೂರು ಪರಿಚಿತ ಹೆಸರುಗಳೇ.

ಮಗನನ್ನೋ ಮಗಳನ್ನೋ ಪೈಲಟ್ ಮಾಡಲು ಲಕ್ಷಗಟ್ಟಲೆ ಶುಲ್ಕ ಕಟ್ಟುವವರು ಶಾಲೆಗೆ ಎರಡು ಪ್ರಶ್ನೆ ಕೇಳಲಿ: ಒಂದೇ ಹೊತ್ತಿಗೆ ಸುತ್ತಿನಲ್ಲಿ ಎಷ್ಟು ವಿಮಾನ ಬಿಡುತ್ತೀರಿ? ಅಕ್ಕಪಕ್ಕದ ವಿಮಾನ ತೋರಿಸುವ ಪರದೆ ಕಾಕ್‌ಪಿಟ್‌ನಲ್ಲಿದೆಯೇ? ಡಿಜಿಸಿಎ ಕೂಡ ಶಾಲೆಗಳಿಂದ ಇವೆರಡಕ್ಕೆ ಬರಹದಲ್ಲಿ ಉತ್ತರ ಪಡೆಯಬಹುದು.