ಕಡಪ ಕಲ್ಲು ಒಡೀಬೇಡಿ! | ಹಳೇ ಮನೆ ಸರಣಿ – 4

ಮಾಡ್ಯುಲರ್ ಕಿಚನ್ ಬೇಕು ಅಂದ್ರೆ ಹಳೇದನ್ನೆಲ್ಲ ಒಡೀಲೇಬೇಕು ಅನ್ನೋ ಮಾತನ್ನ ನಾನಂತೂ ಒಪ್ಪಲ್ಲ.

ಕಟ್ಟೆ ಕೆಳಗಿನ ಕಡಪ ಕಲ್ಲಿಗೆ ಗೆದ್ದಲು ಹತ್ತಲ್ಲ, ನೀರು ಬಿದ್ರೆ ಉಬ್ಬಲ್ಲ. ಅದನ್ನ ಕಿತ್ತು ಎಂಡಿಎಫ್ ಪೆಟ್ಟಿಗೆ ಕೂರಿಸಿದ್ರೆ, ಸಿಂಕ್ ಪೈಪ್ ಸೋರಿದಾಗ ಮೊದಲು ಹಾಳಾಗೋದೇ ಅದು. ಕಲ್ಲು ಗಟ್ಟಿ ಇದ್ಯಾ? ಇರಲಿ ಬಿಡಿ. ಮುಂದೆ ಫ್ರೇಮ್, ಬಾಗಿಲು ಹಾಕ್ಸಿ ಸಾಕು. ಒಲೆ ಪಕ್ಕದ ಒಂದು ಭಾಗಕ್ಕೆ ಮಾತ್ರ ಹೊಸ ಡ್ರಾಯರ್ ಮಾಡ್ಸಿ. ಅಮ್ಮ ದಿನಾ ಬಗ್ಗಿ, ಕತ್ತಲಲ್ಲಿ ಕೈ ಹಾಕಿ ಪಾತ್ರೆ ಹುಡುಕೋದು ತಪ್ಪುತ್ತೆ. ದುಡ್ಡು ಹಾಕೋದಿದ್ರೆ ಅಲ್ಲಿ ಹಾಕಿ.

👉 ಹಳೇ ಗೋಡೆ ನೇರ ಇರೋದು ಅಪರೂಪ. ಅಗಲವನ್ನ ಮೇಲೆ, ಮಧ್ಯೆ, ಕೆಳಗೆ ಅಳೆದು, ಕಡಿಮೆ ಬಂದ ಅಳತೆಗೇ ಮಾಡ್ಸಿ. ಉಳಿದ ಸಂದಿಗೆ ಫಿಲ್ಲರ್ ಪಟ್ಟಿ.

👉 ಸಿಂಕ್ ಹತ್ತಿರ ಪ್ಲೈವುಡ್ ಹಾಕ್ಸೋದಾದ್ರೆ ಐಎಸ್ 710 ಗುರುತು ಇದ್ಯಾ ನೋಡಿ.

👉 ಹಳೇ ತೇಗದ ಬಾಗಿಲಿಗೆ ಮ್ಯಾಚ್ ಆಗೋ ಲ್ಯಾಮಿನೇಟ್ ಹುಡುಕ್ಬೇಡಿ. ಹತ್ತಿರ ಹತ್ತಿರದ ಬಣ್ಣವೇ ತೇಪೆ ಥರ ಕಾಣೋದು. ತಿಳಿ ಕೆನೆಬಣ್ಣ ಹಾಕಿ, ಹಿಡಿಗಳು ಮಾತ್ರ ಎಲ್ಲ ಕಡೆ ಒಂದೇ ಇರಲಿ.

ಹೊಸದು ಹಳೇದರ ವೇಷ ಹಾಕೋದು ಬೇಡ, ಪಕ್ಕದಲ್ಲಿ ಮರ್ಯಾದೆಯಿಂದ ನಿಂತ್ರೆ ಸಾಕು.

ನಿಮ್ಮ ಅಡುಗೆಮನೇಲಿ ಏನನ್ನ ಉಳಿಸ್ಕೊಂಡ್ರಿ? ಕಾಮೆಂಟ್‌ನಲ್ಲಿ ಹೇಳಿ 👇

#ಹಳೇಮನೆ #ಅಡುಗೆಮನೆ #ಕಡಪಕಲ್ಲು