ಹೆಚ್ಚು ಬೆಲೆಯ ಗುಜರಿ, ಹೆಚ್ಚಾದ ಅಕ್ಕಿ



ಮಾರ್ಚ್ ತಿಂಗಳು ಸಮೀಪಿಸಿದಂತೆ ನಮ್ಮ ಮಠಗಳು ನಡೆಸುವ ಶಾಲೆ, ಕಾಲೇಜು, ಆಸ್ಪತ್ರೆ, ಸಹಕಾರಿ ಬ್ಯಾಂಕುಗಳಲ್ಲಿ ದಾಸ್ತಾನು ಪರಿಶೀಲನೆ ನಡೆಯುತ್ತದೆ. ಮೂಲೆಯ ಕೋಣೆಯ ಬಾಗಿಲು ತೆರೆಯುತ್ತಾರೆ. ಒಳಗೆ ಹತ್ತು ವರ್ಷದ ಹಿಂದಿನ ಕಂಪ್ಯೂಟರುಗಳು, ದಪ್ಪ ಬೆನ್ನಿನ ಮಾನಿಟರುಗಳು, ಉಬ್ಬಿದ ಯುಪಿಎಸ್ ಬ್ಯಾಟರಿಗಳು, ಕೆಟ್ಟುಹೋದ ಜೆರಾಕ್ಸ್ ಯಂತ್ರ ಇರುತ್ತವೆ. ಆಡಳಿತ ಮಂಡಳಿ ದರಪಟ್ಟಿ ಕರೆಯುತ್ತದೆ, ಮೂವರು ಗುಜರಿ ವ್ಯಾಪಾರಿಗಳು ಬರುತ್ತಾರೆ, ಹೆಚ್ಚು ಕೂಗಿದವರಿಗೆ ಒಟ್ಟು ಲಾಟು ಹೋಗುತ್ತದೆ. ಹಣ ಜಮೆಯಾಗುತ್ತದೆ, ಲೆಕ್ಕ ಪರಿಶೋಧಕರು ಸಹಿ ಹಾಕುತ್ತಾರೆ. ಎಲ್ಲವೂ ಪಾರದರ್ಶಕ, ಎಲ್ಲವೂ ಕ್ರಮಬದ್ಧ. ಈ ಕ್ರಮಬದ್ಧ ಲೆಕ್ಕದಲ್ಲಿ ಬಿಟ್ಟುಹೋಗಿರುವ ಒಂದು ಬಾಬತ್ತಿನ ಬಗ್ಗೆ ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇನೆ.

ಆ ಲಾಟು ಎಲ್ಲಿಗೆ ಹೋಗುತ್ತದೆ, ಅದನ್ನು ಯಾರು ಬಿಚ್ಚುತ್ತಾರೆ, ಹೇಗೆ ಬಿಚ್ಚುತ್ತಾರೆ ಎಂಬುದನ್ನು ನಮ್ಮ ಸಂಸ್ಥೆಗಳ ಕಾರ್ಯದರ್ಶಿಗಳು ನೋಡಿದ್ದು ಕಡಿಮೆ. ನಾನು ಒಂದು ಗುಜರಿ ಶೆಡ್ಡಿನಲ್ಲಿ ಅರ್ಧ ದಿನ ಕುಳಿತು ನೋಡಿದ್ದೇನೆ. ಮೊದಲು ಹೇಳಬೇಕಾದ ಮಾತೆಂದರೆ, ಅದು ಕೌಶಲದ ಕೆಲಸ. ಸಿಪಿಯು ಡಬ್ಬಿಯ ಸ್ಕ್ರೂ ಬಿಚ್ಚಿ ತಗಡು ಒಂದು ಕಡೆ, ಪ್ಲಾಸ್ಟಿಕ್ ಒಂದು ಕಡೆ. ಪ್ರೊಸೆಸರಿನ ಮೇಲಿನ ಅಲ್ಯೂಮಿನಿಯಂ ತುಂಡು ಬೇರೆ, ವಿದ್ಯುತ್ ಪೂರೈಸುವ ಪೆಟ್ಟಿಗೆಯ ತಾಮ್ರದ ಸುರುಳಿ ಬೇರೆ, ಹಾರ್ಡ್ ಡಿಸ್ಕಿನ ಅಯಸ್ಕಾಂತ ಬೇರೆ. ಮದರ್‌ಬೋರ್ಡುಗಳನ್ನು ದರ್ಜೆಯ ಪ್ರಕಾರ ಗೋಣಿಚೀಲಗಳಿಗೆ ತುಂಬುತ್ತಾರೆ. ಕಣ್ಣು ಮುಚ್ಚಿ ತೂಗಿದರೂ ಯಾವ ಲೋಹ ಎಂದು ಹೇಳಬಲ್ಲ ಕೈಗಳು ಅವು.

ವಿದ್ಯುತ್ ಪೆಟ್ಟಿಗೆಯೊಂದನ್ನು ನಾನು ಎತ್ತಿಕೊಳ್ಳಲು ಹೋದಾಗ ಅಲ್ಲಿದ್ದ ಹುಡುಗ ತಡೆದ. "ಮುಟ್ಟಬ್ಯಾಡ್ರಿ ಸರ, ಒಳಗ ಕರೆಂಟ್ ಹಿಡಿದಿಟ್ಟಿರತೈತಿ." ನಿಜ. ಅದರೊಳಗಿನ ಕೆಪಾಸಿಟರು ಮುನ್ನೂರು ವೋಲ್ಟಿಗೂ ಹೆಚ್ಚಿನ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುತ್ತದೆ. ಪ್ಲಗ್ ತೆಗೆದ ಮೇಲೂ ಅದು ಕೆಲಹೊತ್ತು ಉಳಿದಿರಬಹುದು. ಯಾವ ಐಟಿಐಯೂ ಆ ಹುಡುಗನಿಗೆ ಇದನ್ನು ಕಲಿಸಿರಲಿಲ್ಲ. ಒಮ್ಮೆ ಹೊಡೆಸಿಕೊಂಡು ಕಲಿತಿದ್ದ.

ಇಲ್ಲಿಯವರೆಗಿನದು ಕಾಯಕ. ಎಸೆದದ್ದರಲ್ಲಿ ಬೆಲೆಯುಳ್ಳದ್ದನ್ನು ಕಂಡು, ಅದನ್ನು ಮತ್ತೆ ಲೋಕದ ಬಳಕೆಗೆ ಒಪ್ಪಿಸುವ ಕಾಯಕ. ಒಂದು ಹೋಲಿಕೆ ಕೊಡುತ್ತೇನೆ. ರಾಯಚೂರು ಜಿಲ್ಲೆ ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ನೆಲದಾಳಕ್ಕೆ ಇಳಿದು ಚಿನ್ನದ ಅದಿರು ತೆಗೆಯುತ್ತಾರೆ. ಒಂದು ಟನ್ ಕಲ್ಲು ಅರೆದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಒಂದು ಟನ್ ಒಳ್ಳೆಯ ಕಂಪ್ಯೂಟರ್ ಬೋರ್ಡಿನಲ್ಲಿ 100ರಿಂದ 250 ಗ್ರಾಂವರೆಗೆ ಚಿನ್ನವಿರುತ್ತದೆ. ತಾಮ್ರ, ಬೆಳ್ಳಿ ಬೇರೆ. ಭೂಮಿತಾಯಿಯನ್ನು ಇನ್ನಷ್ಟು ಅಗೆಯದೆ ಲೋಹ ಕೊಡುವವರು ಈ ಶೆಡ್ಡಿನವರು.

ಆದರೆ ಒಂದು ಗೆರೆ ದಾಟಿದ ಮೇಲೆ ಅದೇ ಕೆಲಸ ವಿಷವಾಗುತ್ತದೆ. ವೈರುಗಳ ಗುಡ್ಡೆಗೆ ಬೆಂಕಿ ಇಟ್ಟು ತಾಮ್ರ ತೆಗೆಯುತ್ತಾರೆ. "ಯಾಕ ಸುಡ್ತೀರಿ, ಸುಲಿಯಾಕ ಬರೂದಿಲ್ಲೇನು?" ಎಂದು ಕೇಳಿದೆ. "ಸುಲಕೋತ ಕುಂತ್ರ ದಿನಾ ಹೋಗತೈತ್ರಿ, ಸುಟ್ಟರ ತಾಸಿನ್ಯಾಗ ಮುಗೀತೈತಿ" ಎಂಬ ಉತ್ತರ ಬಂತು. ವೈರಿನ ಮೇಲಿನ ಪಿವಿಸಿ ಬಯಲಲ್ಲಿ ಉರಿದಾಗ ಡಯಾಕ್ಸಿನ್ ಎಂಬ ಅತಿ ವಿಷಕಾರಿ ವಸ್ತುಗಳು ಹೊಗೆಯಲ್ಲಿ ಹೊರಬರುತ್ತವೆ. ದಪ್ಪ ಬೆನ್ನಿನ ಮಾನಿಟರಿನ ಗಾಜಿನ ಹಿಂಭಾಗದಲ್ಲಿ ತೂಕದ ಸುಮಾರು ಐದರಲ್ಲೊಂದು ಪಾಲು ಸೀಸದ ಆಕ್ಸೈಡ್ ಇರುತ್ತದೆ; ತಾಮ್ರದ ಸುರುಳಿಗಾಗಿ ಅದನ್ನು ಸುತ್ತಿಗೆಯಿಂದ ಒಡೆದು ಗಾಜನ್ನು ಹಳ್ಳಕ್ಕೆ ಸುರಿಯುತ್ತಾರೆ. ಹಳೆಯ ಬೋರ್ಡುಗಳ ಬೆಸುಗೆಯಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸೀಸವೇ ಇದೆ. ಅದನ್ನು ಕಾಯಿಸಿ ಬಿಡಿಭಾಗ ಬಿಡಿಸುವಾಗ ಆವಿ ನೇರ ಮೂಗಿಗೆ. ಹಳೆಯ ಚಪ್ಪಟೆ ಪರದೆಗಳ ಸಣ್ಣ ದೀಪಗಳಲ್ಲಿ ಪಾದರಸ. ಯುಪಿಎಸ್ ಬ್ಯಾಟರಿಯಲ್ಲಿ ಸೀಸವೂ ಗಂಧಕಾಮ್ಲವೂ ಇವೆ.

ಕೊನೆಯ ಹಂತ ಆ್ಯಸಿಡ್ಡಿನದು. ಬೋರ್ಡಿನ ಚಿನ್ನ ಬಿಡಿಸಲು ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದ ದ್ರಾವಣದಲ್ಲಿ ಅದ್ದುತ್ತಾರೆ. ಉತ್ತರ ಪ್ರದೇಶದ ಮುರಾದಾಬಾದ್ ಒಂದು ಕಾಲಕ್ಕೆ ಹಿತ್ತಾಳೆ ಕುಸುರಿಗೆ ಮಾತ್ರ ಹೆಸರಾಗಿತ್ತು. ದೇಶದ ಹಲವು ನಗರಗಳ ಬೋರ್ಡುಗಳು ಅಲ್ಲಿಗೆ ತಲುಪಿ, ಸುಟ್ಟ ಕಪ್ಪು ಬೂದಿಯನ್ನು ರಾಮಗಂಗಾ ನದಿಯ ದಂಡೆಯಲ್ಲಿ ತೊಳೆಯುವುದು ಶುರುವಾದ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೇ ಮಧ್ಯೆ ಪ್ರವೇಶಿಸಬೇಕಾಯಿತು. ದೆಹಲಿಯ ಸೀಲಂಪುರದ ಓಣಿಗಳ ಕಥೆಯೂ ಇದೇ ಜಾತಿಯದು. ರಕ್ತದಲ್ಲಿ ಇಷ್ಟು ಸೀಸವಿದ್ದರೆ ಅಪಾಯವಿಲ್ಲ ಎನ್ನುವಂಥ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೊದಲು ಬಲಿಯಾಗುವುದು ಮಕ್ಕಳ ಬುದ್ಧಿಶಕ್ತಿ. ನಮ್ಮ ಮಕ್ಕಳು ಯಾವ ಕಂಪ್ಯೂಟರಿನ ಮುಂದೆ ಕುಳಿತು ವಿದ್ಯೆ ಕಲಿತರೋ, ಅದೇ ಕಂಪ್ಯೂಟರು ಇನ್ನೊಬ್ಬರ ಮಕ್ಕಳ ವಿದ್ಯೆಯನ್ನು ಕಸಿಯುತ್ತದೆ ಎಂದರೆ ಅದಕ್ಕಿಂತ ದೊಡ್ಡ ಅನ್ಯಾಯ ಯಾವುದು?

ಈಗ ಹರಾಜಿನ ಲೆಕ್ಕಕ್ಕೆ ಬರೋಣ. ಮೂವರು ವ್ಯಾಪಾರಿಗಳಲ್ಲಿ ಒಬ್ಬರು ಹೆಚ್ಚು ಬೆಲೆ ಕೊಡಲು ಹೇಗೆ ಸಾಧ್ಯವಾಗುತ್ತದೆ? ತಾಮ್ರದ ಮಾರುಕಟ್ಟೆ ದರ ಮೂವರಿಗೂ ಒಂದೇ. ವ್ಯತ್ಯಾಸವಿರುವುದು ಖರ್ಚಿನಲ್ಲಿ. ನಿಯಮದಂತೆ ನಡೆಯುವವರು ವೈರು ಸುಲಿಯುವ ಯಂತ್ರ ಇಡಬೇಕು, ಕೆಲಸಗಾರರಿಗೆ ಕೈಗವಸು, ಮುಖಗವಸು ಕೊಡಬೇಕು, ಸೀಸದ ಗಾಜನ್ನು ಹಣ ತೆತ್ತು ವಿಲೇವಾರಿ ಮಾಡಬೇಕು, ತೆರಿಗೆ ಕಟ್ಟಬೇಕು. ಇದ್ಯಾವುದನ್ನೂ ಮಾಡದವರಿಗೆ ಆ ಖರ್ಚೆಲ್ಲ ಉಳಿತಾಯ. ಆ ಉಳಿತಾಯದ ಒಂದು ಪಾಲನ್ನೇ ಅವರು ನಮಗೆ ಹೆಚ್ಚಿನ ಬೆಲೆಯಾಗಿ ಕೊಡುತ್ತಾರೆ. ಅಂದರೆ ಹೆಚ್ಚು ಕೂಗಿದವರಿಗೆ ಕೊಡುವ ನಮ್ಮ ಪದ್ಧತಿ, ಹೆಚ್ಚು ಸುಡುವವರನ್ನೇ ಆರಿಸುವ ಪದ್ಧತಿಯಾಗಿದೆ. ಅಧಿಕವಾಗಿ ಬಂದ ಆ ಹಣ ಯಾರದೋ ಶ್ವಾಸಕೋಶದಿಂದ ತೆಗೆದದ್ದು.

ಶರಣರ ಪರಂಪರೆಯಲ್ಲಿ ಇಂಥ ಹಣದ ಬಗ್ಗೆ ಸ್ಪಷ್ಟ ನಿಲುವಿದೆ. ಆಯ್ದಕ್ಕಿ ಮಾರಯ್ಯನವರು ಮತ್ತು ಲಕ್ಕಮ್ಮ ತಾಯಿಯವರನ್ನು ನೆನೆಯಿರಿ. ಅವರ ಮೂಲ ಅಮರೇಶ್ವರ, ಹಟ್ಟಿಯ ಚಿನ್ನದ ಗಣಿ ಇರುವ ಅದೇ ಲಿಂಗಸುಗೂರು ತಾಲೂಕು. ಕಲ್ಯಾಣಕ್ಕೆ ಬಂದು ಅವರು ಹಿಡಿದದ್ದು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ. ಬೇರೆಯವರ ಕಾಲಿಗೆ ಸಿಕ್ಕಿ ಹಾಳಾಗುವುದನ್ನು ಹೆಕ್ಕಿ ದಾಸೋಹಕ್ಕೆ ಒದಗಿಸಿದವರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಆಯುವವರು. ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಾಯಿ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಹೆಚ್ಚಾದದ್ದನ್ನು ತಂದಲ್ಲಿಗೇ ಹಿಂದಿರುಗಿಸಿ ಬರಲು ಕಳಿಸಿದರು. ದಾಸೋಹಕ್ಕೇ ಬಳಸುತ್ತೇವಲ್ಲ ಎಂಬ ಸಮಾಧಾನ ಅವರಿಗೆ ಸಾಕಾಗಲಿಲ್ಲ. ಎಲ್ಲಿಗೆ ಹೋಗುತ್ತದೆ ಎಂಬುದಕ್ಕಿಂತ ಎಲ್ಲಿಂದ ಬಂತು ಎಂಬುದೇ ಅವರ ಪ್ರಶ್ನೆಯಾಗಿತ್ತು. ನಮ್ಮ ಸಂಸ್ಥೆಗಳ ಜಮಾಖರ್ಚಿನ ಪುಸ್ತಕವನ್ನು ಲಕ್ಕಮ್ಮ ತಾಯಿಯ ಮುಂದೆ ಇಟ್ಟರೆ, ಗುಜರಿ ಬಾಬತ್ತಿನ ಜಮೆಯ ಮೇಲೆ ಅವರು ಬೆರಳಿಟ್ಟು ಕೇಳದೆ ಬಿಡುವರೆ?

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಈ ಕೆಲಸ ಮಾಡುವವರಲ್ಲಿ ಬಹುಪಾಲು ದಲಿತರು, ಬಡ ಮುಸ್ಲಿಮರು, ಊರು ಬಿಟ್ಟು ಬಂದ ಕೂಲಿಗಳು. ಹರಳಯ್ಯ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಗಳ ಗುಡಿಸುವ ಕಾಯಕದ ಸತ್ಯಕ್ಕ ಇವರ ಹೆಸರನ್ನು ಜಯಂತಿಗಳ ವೇದಿಕೆಯಲ್ಲಿ ನಾವು ಅಭಿಮಾನದಿಂದ ಹೇಳುತ್ತೇವೆ. ಗುಜರಿಯವರನ್ನು ಮಾತ್ರ ಹಿಂಬಾಗಿಲಿಗೆ ಕರೆಸುತ್ತೇವೆ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು, ಕಚೇರಿಗಳಲ್ಲಿ ಅವರ ಭಾವಚಿತ್ರ ಬಂತು. ಸಂತೋಷ. ಆ ಭಾವಚಿತ್ರದ ಕೆಳಗೆ ಕುಳಿತು ನಡೆಸುವ ಹರಾಜು ಕೂಡ ಬಸವತತ್ವದ ಪರೀಕ್ಷೆಗೆ ನಿಲ್ಲಬೇಕು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಮೊದಲ ಇ-ತ್ಯಾಜ್ಯ ನಿಯಮಗಳು 2012ರ ಮೇ ತಿಂಗಳಿಂದ ಜಾರಿಗೆ ಬಂದವು. ಈಗಿರುವುದು 2022ರ ನಿಯಮಗಳು, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಪಟ್ಟಿಯಲ್ಲಿರುವ ವಿದ್ಯುತ್, ಎಲೆಕ್ಟ್ರಾನಿಕ್ ಉಪಕರಣಗಳನ್ನು ಒಂದು ವರ್ಷದಲ್ಲಿ ಕನಿಷ್ಠ ಸಾವಿರ ಬಳಸುವ ಸಂಸ್ಥೆ ಸಗಟು ಬಳಕೆದಾರ. ಅದು ತನ್ನ ಇ-ತ್ಯಾಜ್ಯವನ್ನು ನೋಂದಾಯಿತ ಉತ್ಪಾದಕರು, ದುರಸ್ತಿದಾರರು ಅಥವಾ ಮರುಬಳಕೆ ಘಟಕಗಳಿಗೆ ಮಾತ್ರ ಒಪ್ಪಿಸಬೇಕು. ಬಿಚ್ಚುವ ಮತ್ತು ಮರುಬಳಕೆ ಕೆಲಸದಲ್ಲಿರುವ ಕಾರ್ಮಿಕರನ್ನು ಗುರುತಿಸಿ ನೋಂದಾಯಿಸುವುದು, ಅವರಿಗೆ ತರಬೇತಿ ಕೊಡುವುದು, ಅವರ ಆರೋಗ್ಯ ಮತ್ತು ಸುರಕ್ಷತೆ ನೋಡಿಕೊಳ್ಳುವುದು ರಾಜ್ಯ ಸರ್ಕಾರದ ಹೊಣೆ ಎಂದೂ ಅದರಲ್ಲಿದೆ. ಬ್ಯಾಟರಿಗಳಿಗೆ 2022ರದೇ ಪ್ರತ್ಯೇಕ ನಿಯಮಗಳಿವೆ. ನಮ್ಮ ದೊಡ್ಡ ವಿದ್ಯಾಸಂಸ್ಥೆಗಳು ಸಾವಿರದ ಗಡಿಯನ್ನು ಎಂದೋ ದಾಟಿವೆ. ಚಿಕ್ಕ ಮಠದವರು, ನಮ್ಮಲ್ಲಿರುವುದು ಇಪ್ಪತ್ತೇ ಕಂಪ್ಯೂಟರ್, ನಮಗೆ ಈ ನಿಯಮ ಬರುವುದಿಲ್ಲ ಎನ್ನಬಹುದು. ಕಾನೂನಿನ ಲೆಕ್ಕ ಸಾವಿರದಿಂದ ಶುರು. ಶರಣರ ಲೆಕ್ಕ ಒಂದರಿಂದ ಶುರು.

ಜಗತ್ತಿನಲ್ಲಿ 2022ರಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಉಂಟಾಯಿತೆಂದೂ, ಅದರಲ್ಲಿ ಶೇಕಡಾ 22.3ರಷ್ಟು ಮಾತ್ರ ದಾಖಲೆಗೆ ಸಿಗುವಂತೆ ಸರಿಯಾಗಿ ಸಂಗ್ರಹವಾಗಿ ಮರುಬಳಕೆಯಾಯಿತೆಂದೂ ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿ ಹೇಳುತ್ತದೆ. ಉಳಿದದ್ದರಲ್ಲಿ ಎಷ್ಟೋ ಭಾಗ ಇಂಥ ಶೆಡ್ಡುಗಳ ಕೈಗೆ ಬೀಳುತ್ತದೆ.

ಇಲ್ಲಿ ನ್ಯಾಯವಾದ ಒಂದು ಆಕ್ಷೇಪವಿದೆ. ಎಲ್ಲವನ್ನೂ ದೊಡ್ಡ ನೋಂದಾಯಿತ ಘಟಕಗಳಿಗೆ ಕೊಟ್ಟರೆ ಶೆಡ್ಡಿನ ಬಡವರ ಹೊಟ್ಟೆಯ ಮೇಲೆ ಹೊಡೆದಂತಾಗುವುದಿಲ್ಲವೆ? ಆಗುತ್ತದೆ, ನಾವು ಅಷ್ಟಕ್ಕೇ ಕೈತೊಳೆದುಕೊಂಡರೆ. ಕಾಯಕ ಉಳಿಸಿ ವಿಷ ತೆಗೆಯುವುದು ನಮ್ಮ ಗುರಿಯಾಗಬೇಕು. ಸ್ಕ್ರೂ ಬಿಚ್ಚುವುದು, ವಿಂಗಡಿಸುವುದು, ಯಂತ್ರದಿಂದ ವೈರು ಸುಲಿಯುವುದು ಮನುಷ್ಯನ ಕೈ ಸುರಕ್ಷಿತವಾಗಿ ಮಾಡಬಲ್ಲ ಕೆಲಸ. ಸುಡುವುದು, ಆ್ಯಸಿಡ್ಡಿನಲ್ಲಿ ಅದ್ದುವುದು, ಸೀಸದ ಗಾಜು ಒಡೆಯುವುದು ಶೆಡ್ಡಿನಲ್ಲಿ ಯಾವ ಕೈಯೂ ಮಾಡಬಾರದ ಕೆಲಸ. ಗುಜರಿಯವರು ಸಂಗ್ರಹಿಸಿ ತಲುಪಿಸುವ ಕೆಲಸಕ್ಕೆ ನಾವು ಸರಿಯಾದ ಕೂಲಿ ಕೊಡಬೇಕು. ಬಿಚ್ಚುವ ಕೈಗಳಿಗೆ ನೋಂದಾಯಿತ ಘಟಕದ ಸೂರಿನಡಿಯಲ್ಲಿ ಕೆಲಸ ಸಿಗುವಂತೆ ಮಾತನಾಡಬೇಕು. ಮಠದ ಮಾತಿಗೆ ಜಿಲ್ಲಾಧಿಕಾರಿಗಳ ಕಚೇರಿಯಲ್ಲೂ ಕೈಗಾರಿಕೋದ್ಯಮಿಗಳ ಮನೆಯಲ್ಲೂ ಬೆಲೆಯಿದೆ. ಆ ಬೆಲೆಯನ್ನು ಇಂಥದ್ದಕ್ಕೆ ಬಳಸದಿದ್ದರೆ ಮತ್ತೆ ಯಾವುದಕ್ಕೆ?

ಆದ್ದರಿಂದ ಪೂಜ್ಯರಲ್ಲಿ, ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿಗಳಿವು.

ಮೊದಲನೆಯದು, ಸುಸ್ಥಿತಿಯಲ್ಲಿರುವುದನ್ನು ಗುಜರಿ ಎನ್ನಬೇಡಿ. ನಮ್ಮ ಪಾಲಿಟೆಕ್ನಿಕ್‌ಗಳ ವಿದ್ಯಾರ್ಥಿಗಳು ಮೆಮೊರಿ ಬದಲಿಸಿ, ಹೊಸ ಡಿಸ್ಕು ಹಾಕಿದರೆ ಎಷ್ಟೋ ಕಂಪ್ಯೂಟರುಗಳು ಹಳ್ಳಿಯ ಶಾಲೆಯಲ್ಲಿ ಇನ್ನೂ ಕೆಲವು ವರ್ಷ ನಡೆಯುತ್ತವೆ. ಎರಡನೆಯದು, ದರಪಟ್ಟಿ ಕರೆಯುವಾಗ ಬೆಲೆಗಿಂತ ಮೊದಲು ನೋಂದಣಿ ಪತ್ರ ಕೇಳಿ. ನೋಂದಾಯಿತ ಘಟಕಗಳ ವಿವರ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ಸಿಗುತ್ತದೆ. ನಾಲ್ಕೈದು ಊರಿನ ಸಂಸ್ಥೆಗಳು ಸೇರಿ ಒಂದೇ ಸಲ ಕಳಿಸಿದರೆ ಲಾರಿ ಬಾಡಿಗೆ ಹಗುರವಾಗುತ್ತದೆ. ಮೂರನೆಯದು, ಹಾರ್ಡ್ ಡಿಸ್ಕಿನಲ್ಲಿ ವಿದ್ಯಾರ್ಥಿಗಳ ಅಂಕ, ರೋಗಿಗಳ ವಿವರ, ದಾಸೋಹಿಗಳ ವಿಳಾಸ ಇರುತ್ತವೆ. ಅಳಿಸಿಯೇ ಕೊಡಿ, ನಾಶಪಡಿಸಿದ ಪ್ರಮಾಣಪತ್ರ ಪಡೆಯಿರಿ. ನಾಲ್ಕನೆಯದು, ನಿಮ್ಮ ಊರಿನ ಗುಜರಿ ಕೆಲಸಗಾರರ ಮಕ್ಕಳು ಎಲ್ಲಿ ಓದುತ್ತಿದ್ದಾರೆ ಎಂದು ವಿಚಾರಿಸಿ. ಮಠದ ಪ್ರಸಾದ ನಿಲಯದಲ್ಲಿ ಅವರಿಗೆ ಸ್ಥಳವಿರಲಿ. ನಮ್ಮ ಆಸ್ಪತ್ರೆಗಳು ವರ್ಷಕ್ಕೊಮ್ಮೆ ಆ ಓಣಿಗಳಿಗೆ ಹೋಗಿ ಮಕ್ಕಳ ರಕ್ತದಲ್ಲಿನ ಸೀಸ ಪರೀಕ್ಷಿಸಲಿ.

ಇದರಿಂದ ಜಮೆಯಾಗುವ ಹಣ ಕಡಿಮೆಯಾಗುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮುಂದಿನ ವರ್ಷದ ಲೆಕ್ಕಪತ್ರದಲ್ಲಿ ಗುಜರಿ ಬಾಬತ್ತು ಚಿಕ್ಕದಾಗಿ ಕಂಡರೆ ಕಾರ್ಯದರ್ಶಿಗಳನ್ನು ಯಾರೂ ತರಾಟೆಗೆ ತೆಗೆದುಕೊಳ್ಳದಿರಲಿ. ಏಕೆ ಕಡಿಮೆಯಾಯಿತು ಎಂದು ಸರ್ವಸಾಧಾರಣ ಸಭೆಯಲ್ಲಿ ಒಬ್ಬರು ಎದ್ದು ನಿಂತು ಕೇಳಲಿ, ಅಧ್ಯಕ್ಷರು ಎಲ್ಲರಿಗೂ ಕೇಳುವಂತೆ ಕಾರಣ ಹೇಳಲಿ. ಆ ಸಭೆಯೂ ಒಂದು ಅನುಭವ ಮಂಟಪವೇ ಆದೀತು.



– ಸಂಪಾದಕ